ನಾಲ್ಕನೆಯ ಸಂಖ್ಯೆಗೆ ಇಬ್ಬರು ಹಕ್ಕುದಾರರು

ನಮ್ಮ ಕಡೆ ಮೋಡೆಮ್, ಅಂದರೆ ಫೋನಿನ ತಂತಿಯಲ್ಲಿ ಕಂಪ್ಯೂಟರಿಗೆ ಇಂಟರ್ನೆಟ್ ತರುವ ಸಾಧನ, ಕೆಟ್ಟರೆ ತಪ್ಪು ಸಿಡಿಲಿನದೇ ಆಗಿರುತ್ತಿತ್ತು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಆಸುಪಾಸಿನಲ್ಲಿ ಮಳೆಗಾಲಕ್ಕೆ ಮುಂಚೆಯೂ ತುಲಾ ಮಾಸದ ಸಂಜೆಗಳಲ್ಲೂ ಗುಡುಗು ಆರಂಭವಾದರೆ ಮನೆಮನೆಯಲ್ಲಿ ಮೊದಲು ಫೋನಿನ ತಂತಿ ಕಿತ್ತಿಡುತ್ತಿದ್ದರು. ಅಡಿಕೆ ತೋಟಗಳ ಮೇಲೆ ಹಾದು ಬರುವ ಆ ತಂತಿಯ ಮೂಲಕ ಎಷ್ಟು ಮೋಡೆಮ್‌ಗಳು ಸುಟ್ಟವೋ! ಹಾಗಾಗಿ 2001ರ ಸುಮಾರಿಗೆ ಬದಿಯಡ್ಕದಲ್ಲಿ ನಾನು ಕೆಲಸ ಮಾಡುತ್ತಿದ್ದ ಡಿಟಿಪಿ ಅಂಗಡಿಯ ಮೋಡೆಮ್ ಹಠ ಹಿಡಿದಾಗ ಬಂದವರೆಲ್ಲ ಸಿಡಿಲಿನ ಹೆಸರನ್ನೇ ಹೇಳಿದರು.

ಯಂತ್ರ ಹಳೆಯದು. ಮಂಗಳೂರಿನಿಂದ ಯಾರೋ ಬಳಸಿ ಬಿಟ್ಟದ್ದನ್ನು ಅಂಗಡಿಯ ಯಜಮಾನರು ತಂದಿದ್ದರು. ಅದರಲ್ಲಿ ವಿಂಡೋಸ್ 98. ಮೌಸ್ ಕೂಡ ಹಳೆಯ ಸೀರಿಯಲ್ ಜಾತಿಯದು. ಹಿಂಬದಿಯ ಒಂಬತ್ತು ಸೂಜಿಗಳ ಪೋರ್ಟಿಗೆ ಸಿಕ್ಕಿಸಿ ಸ್ಕ್ರೂ ತಿರುಗಿಸುವಂಥದ್ದು. ಮದುವೆಯ ಕಾಗದ, ಯಕ್ಷಗಾನದ ಕರಪತ್ರ, ಶಾಲೆಗಳ ಸ್ಮರಣ ಸಂಚಿಕೆ ಇವೆಲ್ಲ ಅದರಲ್ಲೇ ಆಗುತ್ತಿದ್ದವು. ಮಕ್ಕಳು ಗಲ್ಫಿನಲ್ಲಿರುವ ಮನೆಗಳು ಪೇಟೆಯ ಸುತ್ತ ಹೇರಳವಾಗಿದ್ದುದರಿಂದ ಇಮೇಲ್ ನೋಡಿಕೊಡುವುದನ್ನೂ ಒಂದು ಕಸುಬಾಗಿ ಮಾಡಬಹುದೆಂದು ಯಜಮಾನರು ಲೆಕ್ಕ ಹಾಕಿ ಒಂದು ಮೋಡೆಮ್ ಕಾರ್ಡ್ ಹಾಕಿಸಿದ್ದರು. ಅದೂ ಬಳಸಿದ್ದೇ. ಕೈಪಿಡಿ ಇರಲಿಲ್ಲ.

ಮೊದಲ ಗಿರಾಕಿ ಒಬ್ಬ ನಿವೃತ್ತ ಮಾಷ್ಟ್ರು. ಮಗ ದುಬೈಯಲ್ಲಿ. ಮಾಷ್ಟ್ರು ಬೆಂಚಿನ ಮೇಲೆ ಕೊಡೆಯನ್ನು ತೊಡೆಗೆ ಒರಗಿಸಿಕೊಂಡು ಕುಳಿತಿದ್ದರು. ನಾನು ಡಯಲ್ ಒತ್ತಿದೆ. ಮೋಡೆಮ್ ಡಯಲ್ ಟೋನ್ ಹಿಡಿಯಿತು, ಸಂಖ್ಯೆಗಳ ಸದ್ದು ಬಂತು. ಅಷ್ಟರಲ್ಲಿ ಪರದೆಯ ಮೇಲಿನ ಬಾಣ ನಿಂತಲ್ಲೇ ನಿಂತಿತು. ಮೌಸನ್ನು ಎಷ್ಟು ಉಜ್ಜಿದರೂ ಅಲುಗಾಟವಿಲ್ಲ. ಸ್ವಲ್ಪ ಹೊತ್ತಿಗೆ ಮೋಡೆಮ್ ಉತ್ತರಿಸುತ್ತಿಲ್ಲ ಎಂಬ ಸಂದೇಶ.

"ಸಿಡಿಲಿಗೆ ಹೋಗಿದೆ ಅದು, ಬೇರೆ ಹಾಕಿಸಿ" ಎಂದರು ಯಜಮಾನರು ರಿಪೇರಿಯ ಹುಡುಗನಿಗೆ. ಅವನೂ ತಲೆಯಾಡಿಸಿದ. ಫೋನಿನ ಲೈನ್‌ಮ್ಯಾನ್ ಮಾತ್ರ ಒಪ್ಪಲಿಲ್ಲ. ತಂತಿಗೆ ತನ್ನ ಫೋನು ಸಿಕ್ಕಿಸಿ ಕೇಳಿ, "ಲೈನಿನಲ್ಲಿ ಕರಕರ ಕೂಡ ಇಲ್ಲ. ನನ್ನನ್ನು ಯಾಕೆ ಕರೆದಿರಿ?" ಎಂದು ಮಲಯಾಳದಲ್ಲಿ ಕೇಳಿ ಸೈಕಲ್ ಏರಿದ.

ನನಗೆ ಸಿಡಿಲಿನ ಮಾತು ಹಿಡಿಸಲಿಲ್ಲ. ಸುಟ್ಟ ಮೋಡೆಮ್ ಡಯಲ್ ಮಾಡುವುದು ಹೇಗೆ? ಅದೂ ಅಲ್ಲದೆ, ಮೌಸ್ ಸತ್ತರೂ ಕೀಲಿಮಣೆ ಬದುಕಿತ್ತು. ಆಲ್ಟ್ ಮತ್ತು ಟ್ಯಾಬ್ ಒತ್ತಿದರೆ ಕಿಟಕಿಗಳು ಬದಲಾಗುತ್ತಿದ್ದವು. ಯಂತ್ರ ಪೂರ್ತಿ ಸ್ತಬ್ಧವಾಗಿರಲಿಲ್ಲ. ಮೋಡೆಮ್ ಎದ್ದಾಗ ಮೌಸ್ ಮಾತ್ರ ಬೀಳುತ್ತಿತ್ತು. ಇವೆರಡಕ್ಕೂ ಏನೋ ಹಂಚಿಕೆಯ ಜಗಳವಿರಬೇಕು.

ಜಗಳ ಐಆರ್‌ಕ್ಯೂವಿನದಿರಬಹುದು ಎನಿಸಿತು. ಐಆರ್‌ಕ್ಯೂ ಎಂಬುದು ಒಂದು ಕರೆಗಂಟೆ. ಕಾರ್ಡ್ ಆ ಗಂಟೆ ಒತ್ತಿದರೆ ಪ್ರೊಸೆಸರ್ ತನ್ನ ಕೆಲಸ ನಿಲ್ಲಿಸಿ ಅತ್ತ ನೋಡುತ್ತದೆ. ಅಂಥ ಯಂತ್ರಗಳಲ್ಲಿ ಈ ಗಂಟೆಗಳು ಸೊನ್ನೆಯಿಂದ 15ರ ತನಕ ಹದಿನಾರೇ ಇದ್ದವು. ಕೀಲಿಮಣೆಗೆ 1, ಫ್ಲಾಪಿಗೆ 6, ಪ್ರಿಂಟರ್ ಪೋರ್ಟಿಗೆ 7, ಹಾರ್ಡ್ ಡಿಸ್ಕಿಗೆ 14 ಎಂದು ಬಹುಪಾಲು ಮೊದಲೇ ಹಂಚಿ ಹೋಗಿರುತ್ತಿದ್ದವು. ಇಷ್ಟು ಗೊತ್ತಿತ್ತು. ಮೋಡೆಮ್ ಯಾವ ಗಂಟೆ ಒತ್ತುತ್ತಿದೆ ಎಂಬುದು ಗೊತ್ತಿರಲಿಲ್ಲ.

ಅದನ್ನು ಹುಡುಕುವುದೇ ದೊಡ್ಡ ಕಥೆಯಾಯಿತು. ಮೈ ಕಂಪ್ಯೂಟರ್ ಮೇಲೆ ಬಲ ಗುಂಡಿ ಒತ್ತಿ ಪ್ರಾಪರ್ಟೀಸ್, ಅಲ್ಲಿಂದ ಡಿವೈಸ್ ಮ್ಯಾನೇಜರ್. ಮೋಡೆಮ್ ಎಂಬ ಸಾಲನ್ನು ತೆರೆದರೆ ವೇಗ, ಸದ್ದಿನ ಮಟ್ಟ ಇತ್ಯಾದಿ ಇವೆಯೇ ಹೊರತು ಐಆರ್‌ಕ್ಯೂ ತೋರಿಸುವ ಸಂಪನ್ಮೂಲದ ಪುಟವೇ ಇಲ್ಲ. ಜಂಪರ್ (ಸೂಜಿಗಳ ಮೇಲೆ ಸಿಕ್ಕಿಸಿ ಪೋರ್ಟು, ಐಆರ್‌ಕ್ಯೂ ಆರಿಸುವ ಪುಟ್ಟ ತುಂಡು) ಇರುವ ಹಳೆಯ ಕಾರ್ಡಿನ ವಿಚಾರದಲ್ಲಿ ವಿಂಡೋಸ್ ಆ ಲೆಕ್ಕವನ್ನು ಮೋಡೆಮ್ ಹೆಸರಿನಲ್ಲಿ ಬರೆಯುವುದಿಲ್ಲ, ಅದು ಕುಳಿತಿರುವ ಪೋರ್ಟಿನ ಹೆಸರಿನಲ್ಲಿ ಬರೆಯುತ್ತದೆ. ನಾನು ಪಟ್ಟಿಯ ತುತ್ತತುದಿಗೆ ಹೋಗಿ ಕಂಪ್ಯೂಟರ್ ಎಂಬ ಸಾಲಿನ ಪ್ರಾಪರ್ಟೀಸ್ ತೆರೆದೆ. ಅಲ್ಲಿ ಐಆರ್‌ಕ್ಯೂಗಳು ಕ್ರಮವಾಗಿ ನಿಂತಿದ್ದವು. 04ರ ಮುಂದೆ ಎರಡು ಸಾಲು: ಕಾಮ್ 1, ಕಾಮ್ 3. ಕಾಮ್ ಎಂದರೆ ಸೀರಿಯಲ್ ಪೋರ್ಟು.

ಮೌಸ್ ಇದ್ದುದು ಕಾಮ್ 1ರಲ್ಲಿ. ಮೋಡೆಮ್ ಕಾಮ್ 3ರಲ್ಲಿ. ಪ್ರೊಸೆಸರ್ ಅವನ್ನು ತಲುಪುವ ವಿಳಾಸ ಬೇರೆ ಬೇರೆ, ಒಂದಕ್ಕೆ 3ಎಫ್8, ಇನ್ನೊಂದಕ್ಕೆ 3ಇ8. ಆದರೆ ವಾಡಿಕೆಯಂತೆ ಕಾಮ್ 1 ಮತ್ತು 3ಕ್ಕೆ ಐಆರ್‌ಕ್ಯೂ 4. ಕಾಮ್ 2 ಮತ್ತು 4ಕ್ಕೆ ಐಆರ್‌ಕ್ಯೂ 3. ಒಂದೇ ಗಂಟೆಯ ಎರಡು ಪೋರ್ಟುಗಳನ್ನು ಒಟ್ಟಿಗೆ ಬಳಸದಿದ್ದರೆ ತಕರಾರಿಲ್ಲ. ಆದರೆ ಮೌಸ್ ಮುಟ್ಟದೆ ಇಂಟರ್ನೆಟ್ ನೋಡುವ ಮನುಷ್ಯ ಆಗ ಬದಿಯಡ್ಕದಲ್ಲಿ ಮಾತ್ರವಲ್ಲ, ಎಲ್ಲಿಯೂ ಇದ್ದಿರಲಾರ.

ಕಾಮ್ 4ಕ್ಕೆ ಸರಿಸೋಣ ಎಂದ ರಿಪೇರಿಯ ಹುಡುಗ. ಬೇಡ ಎಂದೆ. ಅದರ ವಿಳಾಸ 2ಇ8; ಕೆಲವು ವಿಡಿಯೋ ಕಾರ್ಡ್‌ಗಳು ಅದೇ ವಿಳಾಸಕ್ಕೆ ಕೈಹಾಕುತ್ತವೆ. ಒಂದು ಜಗಳ ಬಿಡಿಸಲು ಹೋಗಿ ಇನ್ನೊಂದು ಯಾಕೆ? ಕಾಮ್ 2 ಪೋರ್ಟಿಗೆ ಯಾವ ತಂತಿಯೂ ಇರಲಿಲ್ಲ, ಬರಿದೇ ಐಆರ್‌ಕ್ಯೂ 3 ಹಿಡಿದು ಕುಳಿತಿತ್ತು. ಯಂತ್ರ ಎಬ್ಬಿಸುವಾಗ ಡೆಲ್ ಕೀಲಿ ಒತ್ತಿ ಬಯೋಸ್‌ಗೆ (ಯಂತ್ರದ ಮೂಲ ಹೊಂದಾಣಿಕೆಗಳ ಪುಟಕ್ಕೆ) ಹೋಗಿ ಎರಡನೆಯ ಸೀರಿಯಲ್ ಪೋರ್ಟನ್ನು ಮುಚ್ಚಿದೆವು. ಮುಖ್ಯ ತಂತಿ ಕಿತ್ತು ಪೆಟ್ಟಿಗೆ ತೆರೆದರೆ ಕಾರ್ಡಿನ ಮೇಲೆಯೇ ಜಂಪರ್‌ಗಳ ಕೋಷ್ಟಕ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಕೈಪಿಡಿ ಇಲ್ಲವೆಂದು ಗೊಣಗಿದ್ದು ವ್ಯರ್ಥ. ಆ ಅಕ್ಷರ ಓದಲು ಮಾಷ್ಟ್ರ ಕನ್ನಡಕವೇ ಬೇಕಾಯಿತು. ಜಂಪರನ್ನು ಮುಳ್ಳು ತೆಗೆಯುವ ಚಿಮುಟದಿಂದ ಎತ್ತಿ ಕಾಮ್ 2, ಐಆರ್‌ಕ್ಯೂ 3ಕ್ಕೆ ಸಿಕ್ಕಿಸಿದ ಹುಡುಗ, ಅವನ ಕೈ ನನ್ನದಕ್ಕಿಂತ ಸ್ಥಿರ.

ಹಳೆಯ ಮೋಡೆಮ್ ನಮೂದನ್ನು ಅಳಿಸಿ ಮತ್ತೆ ಹುಡುಕಲು ಬಿಟ್ಟೆವು. ಕಂಟ್ರೋಲ್ ಪ್ಯಾನೆಲ್‌ನ ಮೋಡೆಮ್ ವಿಭಾಗದಲ್ಲಿ ಡಯಾಗ್ನಾಸ್ಟಿಕ್ಸ್ ಪುಟವಿತ್ತು. ಅಲ್ಲಿ ಕಾಮ್ 2 ಆರಿಸಿ ಹೆಚ್ಚಿನ ಮಾಹಿತಿ ಕೇಳಿದರೆ ಇಂಟರಪ್ಟ್ (ಅಂದರೆ ಐಆರ್‌ಕ್ಯೂ) 3, ವಿಳಾಸ 2ಎಫ್8 ಎಂದು ತೋರಿಸಿತು. ಮೊದಲೇ ಈ ಪುಟ ತೆರೆದಿದ್ದರೂ ಕಾಮ್ 3ರ ಗುಟ್ಟು ಸಿಗುತ್ತಿತ್ತು.

"ಈಗ ನೋಡುವ" ಎಂದರು ಮಾಷ್ಟ್ರು. ಡಯಲ್ ಒತ್ತಿದೆ. ಮೋಡೆಮ್ ಕಿರುಚಿತು, ಸೀಟಿ ಹೊಡೆಯಿತು, ಸುಮ್ಮನಾಯಿತು. ಬಾಣ ಓಡಾಡುತ್ತಲೇ ಇತ್ತು. ಅಂಚೆಪೆಟ್ಟಿಗೆ ತೆರೆಯಲು ಹಿಡಿದ ಹೊತ್ತಿನಲ್ಲಿ ಒಂದು ಚಹಾ ಮುಗಿಯಿತು. ಮಗನ ಪತ್ರ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಮಾಷ್ಟ್ರು ಎರಡು ಸಾಲು ಓದಿ ಕಾಗುಣಿತಕ್ಕೆ ಮುಖ ಸಿಂಡರಿಸಿ, ಅವನ ಅಮ್ಮನಿಗೆ ತೋರಿಸಬೇಕು, ಅಚ್ಚು ಹಾಕಿ ಕೊಡು ಎಂದರು.

"ಹಾಗಾದರೆ ಸಿಡಿಲಲ್ಲವಾ?" ಎಂದು ಯಜಮಾನರು ಮತ್ತೊಮ್ಮೆ ಕೇಳಿದರು. ಹೊಸ ಮೋಡೆಮ್ ಕೊಳ್ಳುವ ಖರ್ಚು ಉಳಿದದ್ದು ಅವರಿಗೆ ಇನ್ನೂ ನಂಬಿಕೆಯಾಗಿರಲಿಲ್ಲ.