ತಂಬುಳಿಯ ಸೊಪ್ಪು ಟ್ಯೂಬಿನಲ್ಲಿ ಸಿಕ್ಕಿತು

ಕಳೆದ ಡಿಸೆಂಬರ್‌ನಲ್ಲಿ ನನ್ನ ಕೆನ್ನೆಯ ಬಂಗಿಗೆ ಚರ್ಮವೈದ್ಯರು ರಾತ್ರಿ ಹಚ್ಚುವ, ವಿಟಮಿನ್ ಎ ವರ್ಗದ ರೆಟಿನಾಯ್ಡ್ ಕ್ರೀಮ್ ಬರೆದುಕೊಟ್ಟರು. ವಾರಕ್ಕೆ ಎರಡು ಸಲ, ಬಟಾಣಿ ಕಾಳಿನಷ್ಟು ಸಾಕು ಎಂದಿದ್ದರು. ಬೇಗ ಹೋಗಲಿ ಎಂಬ ಆಸೆಗೆ ನಾನು ದಿನವೂ ಹಚ್ಚಿದೆ. ಬೆಂಗಳೂರಿನ ಒಣ ಚಳಿಯೂ ಸೇರಿ, ಹತ್ತೇ ದಿನಕ್ಕೆ ಮೂಗಿನ ಎರಡೂ ಬದಿ ಸಿಪ್ಪೆ ಎದ್ದಿತು. ತಣ್ಣೀರು ಸೋಕಿದರೂ ಉರಿ.

ವೈದ್ಯರು ಅದನ್ನು ನಿಲ್ಲಿಸಿ ಬೇರೊಂದು ಟ್ಯೂಬ್ ಕೊಟ್ಟರು. ಜಯನಗರದಿಂದ ಬಸವನಗುಡಿಗೆ ಆಟೋದಲ್ಲಿ ಬರುತ್ತಾ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದೆ: ಸೆಂಟೆಲ್ಲಾ ಏಷಿಯಾಟಿಕಾ. ಮೊಬೈಲಿನಲ್ಲಿ ಹುಡುಕಿದರೆ ಪರದೆಯ ಮೇಲೆ ಬಂದದ್ದು ನಮ್ಮ ಒಂದೆಲಗ! ಶಿರಸಿಯ ನಮ್ಮ ತೋಟದ ಕಾದಿಗೆಯ (ನೀರು ಹರಿಯುವ ಕಾಲುವೆಯ) ಅಂಚಿನಲ್ಲಿ ಹಬ್ಬಿಕೊಂಡಿರುವ, ಒಂದು ದಂಟಿಗೆ ಒಂದೇ ಎಲೆಯ ಆ ಸೊಪ್ಪು. ಆಯಿ, ಅಂದರೆ ನನ್ನ ತಾಯಿ, ಅದನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸಿನಕಾಳು, ಕಾಯಿತುರಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಿದ್ದಳು. ಬುದ್ಧಿ ಚುರುಕಾಗಲಿ ಎಂದು ಪರೀಕ್ಷೆಯ ದಿನಗಳಲ್ಲಿ ತಪ್ಪದೆ ಬಡಿಸುತ್ತಿದ್ದಳು. ಚರ್ಮದ ಮಾತನ್ನು ಅವಳು ಎಂದೂ ಎತ್ತಿರಲಿಲ್ಲ.

ಅಂದಿನಿಂದ ಈ ಸೊಪ್ಪಿನ ಬೆನ್ನು ಹತ್ತಿದ್ದೇನೆ. ಇದರ ಸಾರದಲ್ಲಿ ಮುಖ್ಯವಾಗಿ ನಾಲ್ಕು ಪದಾರ್ಥಗಳಿವೆ: ಏಷಿಯಾಟಿಕೋಸೈಡ್, ಮೆಡಕಾಸೋಸೈಡ್, ಏಷಿಯಾಟಿಕ್ ಆಮ್ಲ, ಮೆಡಕಾಸಿಕ್ ಆಮ್ಲ. ಕೊನೆಯದರ ಹೆಸರಿನಲ್ಲಿ ಮಡಗಾಸ್ಕರ್ ದ್ವೀಪ ಅಡಗಿದೆ. ಅಲ್ಲಿ 1940ರ ದಶಕದಲ್ಲಿ ಕುಷ್ಠರೋಗದ ಹುಣ್ಣುಗಳಿಗೆ ಇದೇ ಗಿಡದ ಸಾರವನ್ನು ಬಳಸಿ ನೋಡಿದ್ದರು. ಚರ್ಮಕ್ಕೆ ಬಿಗಿ ಕೊಡುವ ಕಾಲಜನ್ ತಯಾರಾಗುವುದನ್ನು ಈ ಪದಾರ್ಥಗಳು ಪ್ರಚೋದಿಸುತ್ತವೆ, ಉರಿಯೂತವನ್ನು ತಗ್ಗಿಸುತ್ತವೆ. ಗಾಯ ಮಾಯುವುದಕ್ಕೂ ಕೆಂಪು ಇಳಿಯುವುದಕ್ಕೂ ಅದೇ ಕಾರಣ. ಇಂದು ಕೊರಿಯಾದವರು ‘ಸಿಕಾ’ ಎಂದು ಮಾರುವುದೂ ಇದನ್ನೇ. ನಮ್ಮ ಆಯುರ್ವೇದದಲ್ಲಿ ಇದು ಮಂಡೂಕಪರ್ಣಿ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಗಾಂಧಿಬಜಾರಿನಲ್ಲಿ ನಾನು ಸೊಪ್ಪು ಕೊಳ್ಳುವ ಅಜ್ಜಿ ಇದನ್ನು ಬ್ರಾಹ್ಮಿ ಎನ್ನುತ್ತಾರೆ. ಸಣ್ಣ ದಪ್ಪ ಎಲೆಗಳ ನೀರುಬ್ರಾಹ್ಮಿ ಬೇರೆಯೇ ಗಿಡ, ಬಕೋಪಾ ಜಾತಿಯದು. ಕ್ರೀಮ್ ಕೊಳ್ಳುವಾಗ ‘ಬ್ರಾಹ್ಮಿ’ ಎಂಬ ಪದವನ್ನು ನಂಬದೆ ಲ್ಯಾಟಿನ್ ಹೆಸರು ನೋಡಿ.

ಮನೆಯಲ್ಲೇ ಸೊಪ್ಪು ಇರುವಾಗ ಟ್ಯೂಬ್ ಏಕೆ ಎನ್ನಿಸಿ, ಒಂದು ಭಾನುವಾರ ಹಸಿ ಎಲೆ ರುಬ್ಬಿ ಮುಖಕ್ಕೆ ಮೆತ್ತಿದೆ. ಅರ್ಧ ಗಂಟೆಯಲ್ಲಿ ಗದ್ದದವರೆಗೆ ತುರಿಕೆ, ಸಂಜೆಗೆ ಕೆಂಪು ಗುಳ್ಳೆ. ಸಿಪ್ಪೆ ಎದ್ದ ಚರ್ಮಕ್ಕೆ ತಡೆಯೇ ಇರುವುದಿಲ್ಲ, ಏನು ಹಚ್ಚಿದರೂ ಒಳಗಿಳಿಯುತ್ತದೆ ಎಂದು ವೈದ್ಯರು ವಿವರಿಸಿದರು. ಅದೂ ಅಲ್ಲದೆ ಒಂದೆಲಗ ಜೌಗಿನಲ್ಲಿ ಬೆಳೆಯುವ ಗಿಡ. ನೆಲದಲ್ಲಿರುವ ಭಾರಲೋಹಗಳನ್ನೂ ಹೀರಿಕೊಳ್ಳುತ್ತದೆ. ಯಾವ ನೀರು ಕುಡಿದು ಬೆಳೆದ ಸೊಪ್ಪು ಎಂಬುದು ನಮ್ಮಂಥ ಊರಿನಲ್ಲಿ ಸಣ್ಣ ಪ್ರಶ್ನೆಯಲ್ಲ. ಎಲೆಯಿಂದ ಎಲೆಗೆ ಸತ್ವವೂ ಬದಲಾಗುತ್ತದೆ. ಶುದ್ಧಗೊಳಿಸಿದ ಸಾರದಲ್ಲಿ ಅಳತೆ ಗೊತ್ತಿರುತ್ತದೆ.

ಗುಳ್ಳೆ ಇಳಿದ ಮೇಲೆ ಟ್ಯೂಬನ್ನೂ ಮೊದಲು ಮೊಣಕೈ ಒಳಮಡಿಕೆಯಲ್ಲಿ ಮೂರು ದಿನ ಹಚ್ಚಿ ನೋಡಿದೆ. ಅಪರೂಪಕ್ಕೆ ಕೆಲವರಿಗೆ ಇದರ ಸಾರವೂ ಅಲರ್ಜಿ. ನನಗೆ ಏನೂ ಆಗಲಿಲ್ಲ. ಮುಖ ತೊಳೆದು, ಇನ್ನೂ ಹಸಿ ಇರುವಾಗಲೇ ಬೆಳಿಗ್ಗೆ, ರಾತ್ರಿ ತೆಳುವಾಗಿ ಹಚ್ಚಿಕೊಂಡೆ. ಐದು ದಿನಕ್ಕೆ ಉರಿ ನಿಂತಿತು, ಎರಡು ವಾರಕ್ಕೆ ಸಿಪ್ಪೆ ಮಾಯವಾಯಿತು. ಬಂಗು ಹಾಗೆಯೇ ಇದೆ. ಅದಕ್ಕೆ ದಿನವೂ ಸನ್‌ಸ್ಕ್ರೀನ್, ಮತ್ತೆ ವಾರಕ್ಕೆರಡು ಸಲ ಆ ಹಳೆಯ ಕ್ರೀಮ್. ಈಗ ಅದರ ಮೇಲೊಂದು ಪದರ ಒಂದೆಲಗದ್ದು.

ಸಂಕ್ರಾಂತಿಗೆ ಊರಿಗೆ ಹೋದಾಗ ಆಯಿಗೆ ಟ್ಯೂಬ್ ತೋರಿಸಿದೆ. ಬೆರಳಿಗೆ ಹಚ್ಚಿ ಮೂಸಿ ನೋಡಿದಳು. “ಒಂದೆಲಗದ ವಾಸನೆಯೇ ಇಲ್ಲವಲ್ಲೇ” ಎಂದಳು. ಆದರೂ ಪಾತ್ರೆ ತೊಳೆದು ಬಿರಿದ ಕೈಗೆ ದಿನವೂ ಹಚ್ಚಿಕೊಂಡಳು. ನಾನು ಹೊರಡುವಾಗ ಕಾದಿಗೆಯಿಂದ ಬೇರು ಸಹಿತ ಒಂದು ಹಿಡಿ ಕಿತ್ತು, ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. ಬಾಲ್ಕನಿಯ ಕುಂಡದಲ್ಲಿ ಅದು ಈಗ ಆರು ಎಲೆ ಬಿಟ್ಟಿದೆ. ಇನ್ನೊಂದಿಷ್ಟು ಹಬ್ಬಿದರೆ ತಂಬುಳಿಗಾಗುತ್ತದೆ.