ಮೂರು ಮಾರ್ಕಿಗೆ ಅಮರ ಸುಳ್ಯ

ಫೆಬ್ರವರಿ ಬಂತೆಂದರೆ ಮಂಗಳೂರಿನ ಹೈಸ್ಕೂಲು ಮಾಷ್ಟ್ರುಗಳಿಗೆ ಮನೆಯೇ ಇಲ್ಲ. ಸಂಜೆ ಕ್ಲಾಸು, ಪಾಸಿಂಗ್ ಪ್ಯಾಕೇಜು, ಬೆಳಗ್ಗೆ ಐದಕ್ಕೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವುದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಫಸ್ಟು, ನಮ್ಮ ದಕ್ಷಿಣ ಕನ್ನಡ ಸೆಕೆಂಡು. 2025ರಲ್ಲಿ ಅದಲು ಬದಲು. ಈ ಹಗ್ಗಜಗ್ಗಾಟದಲ್ಲಿ ಹಗ್ಗ ಆಗುವುದು ನಾವು ಮಾಷ್ಟ್ರುಗಳು.

ಈ ಸಲ ಹೆಡ್‌ಮಾಸ್ಟರರು ಹೊಸ ಏರ್ಪಾಡು ಮಾಡಿದರು. ಡೌಟ್ ಕ್ಲಾಸಿಗೆ ದಿನಕ್ಕೆ ಒಬ್ಬರೇ. ಯಾವ ವಿಷಯ ಕೇಳಿದರೂ ಅವರೇ ಹೇಳಬೇಕು. "ಹತ್ತನೇದ್ದು ತಾನೇ, ನಿಮಗೆಲ್ಲ ಬರ್ತದೆ." ನಾನು ವಿಜ್ಞಾನದವ. ನನಗೂ ಹಾಗೇ ಅನ್ನಿಸಿತ್ತು.

ವರ್ಗಮೂಲ ಎರಡು ಅಭಾಗಲಬ್ಧ ಎಂದು ಸಾಧಿಸಿ ಕೊಟ್ಟೆ. ಆಮೇಲೆ ಒಬ್ಬಳು ಎದ್ದು, "ಸರ್, ಅಮರ ಸುಳ್ಯ ಬಂಡಾಯಕ್ಕೆ ಕಾರಣ ಎಂತ?" ಎಂದಳು. ನಮ್ಮ ಊರಿನ ಕಥೆ, ಬಿಡ್ಲಿಕ್ಕುಂಟಾ! 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿದ್ದು, ಪುತ್ತೂರು–ಸುಳ್ಯದ ಕಡೆಯನ್ನು ಕೊಡಗಿನಿಂದ ತೆಗೆದು ತಮ್ಮ ಕೆನರಾ ಜಿಲ್ಲೆಗೆ ಸೇರಿಸಿದ್ದು, ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದ್ದು, 1837ರಲ್ಲಿ ಬೆಳ್ಳಾರೆಯ ಖಜಾನೆ ಲೂಟಿಯಾದದ್ದು, ಕೊನೆಗೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಂಡಾಯಗಾರರ ಬಾವುಟ ಹಾರಿದ್ದು. ಕೈ ಬೀಸಿ ಬೀಸಿ ಹೇಳಿದೆ.

ಅವಳ ಪೆನ್ನು ಅಲ್ಲಾಡಲಿಲ್ಲ. "ಸರ್, ಇದ್ರಲ್ಲಿ ಪಾಯಿಂಟ್ ಯಾವ್ದು? ಮೂರು ಮಾರ್ಕಿಗೆ."

ಬೋರ್ಡಿನಲ್ಲಿ ಒಂದು ಎಂದು ಬರೆದೆ. ಮುಂದೆ 'ಕೊಡಗು' ಎಂದೆ. ಆಮೇಲೆ? ಕೊಡಗು ನುಂಗಿದ್ದು, ಸೀಮೆ ಸೇರಿಸಿದ್ದು ಒಂದೇ ಪಾಯಿಂಟಾ, ಎರಡಾ? ಬೆಳ್ಳಾರೆ ಎಲ್ಲಿಗೆ ಬರ್ತದೆ? ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಹಿಂದಿನ ಬೆಂಚಿನವರಿಗೆ ಆಗಲೇ ನಗು. ಅಷ್ಟರಲ್ಲಿ ಛತ್ರಿ ಮರೆತು ಹೋಗಿದ್ದ ಸಮಾಜದ ಮೇಡಂ ವಾಪಸ್ ಬಂದರು. ಬೋರ್ಡು ನೋಡಿದರು. ಪಾಠ ಹೇಗೆ ನಡೆಯಿತೆಂದು ಮಕ್ಕಳೇ ವರದಿ ಒಪ್ಪಿಸಿದರು.

"ಕಾರಣ ಕೇಳಿದ್ದಲ್ವಾ ಮಾರಾಯ್ರೆ, ನೀವು ಬಾವುಟ ಯಾಕೆ ಹಾರಿಸಿದ್ರಿ?"

ನನ್ನದನ್ನು ಒರೆಸಿ ಮೂರು ಗೆರೆ ಬರೆದರು. ಅಷ್ಟೂ ನಾನು ಹೇಳಿದ್ದೇ.

ಮರುದಿನ ಅವರ ಡ್ಯೂಟಿ. ಪೀನ ಮಸೂರದ ಚಿತ್ರ ಬಿಡಿಸಿದ್ದರು. ವಸ್ತು 2ಎಫ್1ರಲ್ಲಿ, ಅಂದರೆ ಸಂಗಮದೂರದ ಎರಡರಷ್ಟು ದೂರದಲ್ಲಿ; ಅಷ್ಟೇ ಗಾತ್ರದ ತಲೆಕೆಳಗಾದ ಬಿಂಬ ಆಚೆ ಬದಿ ಅಷ್ಟೇ ದೂರದ 2ಎಫ್2ರಲ್ಲಿ. ಎಲ್ಲ ಸರಿ, ಕಿರಣಗಳಿಗೆ ಬಾಣವೇ ಇಲ್ಲ! ಬಾಣ ಇಲ್ಲದಿದ್ದರೆ ಅದು ಸುಮ್ನೆ ಗೆರೆ. ಅರ್ಧ ಕ್ಲಾಸು ಹಾಗೇ ಇಳಿಸಿಕೊಂಡಿತ್ತು. ನನಗೆ ಸ್ವಲ್ಪ ಖುಷಿಯೂ ಆಯ್ತು, ಸುಳ್ಳು ಯಾಕೆ ಹೇಳಲಿ.

ಉತ್ತರ ಬರೆಯುವ ಕ್ರಮ ಒಂದೊಂದು ವಿಷಯಕ್ಕೆ ಒಂದೊಂದು. ಗಣಿತದಲ್ಲಿ ಕೊನೆಯ ಉತ್ತರ ತಪ್ಪಿದರೂ ಸೂತ್ರಕ್ಕೆ, ಹಂತಕ್ಕೆ ಮಾರ್ಕುಂಟು. ಹಾಗಾಗಿ ಖಾಲಿ ಬಿಡಬಾರದು. ಇದನ್ನು ಗಣಿತದವರು ಜೂನ್‌ನಿಂದ ಬಡಿದುಕೊಳ್ಳುತ್ತಾರೆ. ಕನ್ನಡದಲ್ಲಿ ಗಾದೆ ವಿಸ್ತರಿಸಿ ಎಂದರೆ ಒಂದು, ಎರಡು ಎಂದು ನಂಬರ್ ಹಾಕುವ ಹುಡುಗರಿದ್ದಾರೆ. ನಮ್ಮ ಪಾಯಿಂಟಿನ ಹುಚ್ಚು ಅಲ್ಲಿಗೂ ಹೋಯ್ತು.

ದಿನಕ್ಕೆ ಇಬ್ಬರನ್ನಾದರೂ ಹಾಕಿ, ಒಬ್ಬರು ಗಣಿತ–ವಿಜ್ಞಾನ, ಒಬ್ಬರು ಭಾಷೆ–ಸಮಾಜ ಎಂದು ಹೆಡ್‌ಮಾಸ್ಟರರಿಗೆ ಹೇಳಿದೆ. "ಮೀಟಿಂಗಲ್ಲಿ ನೋಡುವ" ಎಂದರು. ಮೀಟಿಂಗಲ್ಲಿ ನೋಡಿದ್ದು ಪರ್ಸೆಂಟೇಜು ಮಾತ್ರ.