ಯಾರ ದನ ಇದು?

ಪಶುವೈದ್ಯರು ದೂರದಿಂದಲೇ ಮದ್ದಿನ ಸೂಜಿ ಹೊಡೆಯುವ ಡಾರ್ಟ್ ಗನ್ ಹಿಡಿದು ಜೀಪಿನಿಂದ ಇಳಿದಿದ್ದೇ ತಡ, ಹುಲಿ ಸಿಕ್ಕಿತು ಅಂತ ಊರಿಡೀ ಸುದ್ದಿಯಾಯಿತು. ಕೊಡಗಿನ ಬಾಳೆಲೆ ಕಡೆಯವರು ನಾವು, ಪಕ್ಕದಲ್ಲೇ ನಾಗರಹೊಳೆ. ನಮಗೆ ಡಾರ್ಟ್ ಅಂದರೆ ಹುಲಿ, ಇಲ್ಲದಿದ್ದರೆ ಆನೆ. ದನಕ್ಕೆ ಅಂದಾಗ ಬಂದವರಲ್ಲಿ ಅರ್ಧ ಜನರ ಮುಖ ಬಾಡಿತು. ಆದರೂ ಯಾರೂ ವಾಪಸ್ ಹೋಗಲಿಲ್ಲ. ನಮ್ಮ ಕೋವಿ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದು ಇನ್ನೂ ವಾರ ಆಗಿರಲಿಲ್ಲ, ಎಲ್ಲರ ತಲೆಯಲ್ಲೂ ಗುರಿಯದ್ದೇ ಯೋಚನೆ.

ಹುಲಿಯ ಕೈವಾಡ ಇದ್ದಿದ್ದು ನಿಜ. ಹಸುವಿನ ಎಡ ತೊಡೆಯನ್ನು ಅದು ಉಗುರಿನಲ್ಲಿ ಸೀಳಿತ್ತು. ಹೇಗೋ ತಪ್ಪಿಸಿಕೊಂಡು ಬಂದ ಹಸು ನಮ್ಮ ತೋಟದ ಕೆಳಗಿನ ಕೆರೆಯ ಹತ್ತಿರ ಸೇರಿಕೊಂಡಿತ್ತು. ಗಾಯಕ್ಕೆ ಹುಳ ಬಿದ್ದು, ಗಾಳಿ ಬೀಸಿದರೆ ದೂರಕ್ಕೇ ವಾಸನೆ. ಮನುಷ್ಯರನ್ನು ಕಂಡರೆ ಕಾಫಿ ಗಿಡಗಳ ನಡುವೆ ನುಗ್ಗಿ ಓಡುತ್ತಿತ್ತು. ಹಗ್ಗ ಹಾಕುವ ಮಾತೇ ಇಲ್ಲ.

ಗುಂಪಿನಲ್ಲಿ ನಮ್ಮ ಮಿಲಿಟರಿ ಮಾವ ಇದ್ದರು. ಹಬ್ಬದಲ್ಲಿ ಕೋವಿಯಿಂದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದು ಬಹುಮಾನ ಗೆದ್ದವರು. "ಡಾಕ್ಟ್ರೇ, ನನ್ನ ಕೈಗೆ ಕೊಡಿ. ಒಂದೇ ಏಟು" ಅಂದರು.

"ಹೊಡೆಯೋದು ಸುಲಭ ಸಾರ್. ಎಷ್ಟು ಮದ್ದು ತುಂಬಿಸ್ಬೇಕು ಅನ್ನೋದೇ ಕಷ್ಟ. ತೂಕ ಎಷ್ಟಿರಬಹುದು?"

ಒಬ್ಬರು 200 ಕಿಲೋ ಅಂದರು, ಇನ್ನೊಬ್ಬರು 350.

"ಗಬ್ಬ ಇದ್ಯಾ?"

ಯಾರೂ ಮಾತಾಡಲಿಲ್ಲ.

"ಯಾರ ದನ ಇದು?"

ಎಲ್ಲರೂ ಹಸುವನ್ನೇ ನೋಡಿದರು, ಅದೇ ಉತ್ತರ ಹೇಳುತ್ತೇನೋ ಅನ್ನೋ ಹಾಗೆ. ಹಿಂದಿನಿಂದ ಒಬ್ಬ ಹುಡುಗ, "ಸತ್ತಿದ್ರೆ ಯಜಮಾನ ಸಿಕ್ತಿದ್ದ ಸಾರ್, ಪರಿಹಾರ ಇದೆಯಲ್ಲ" ಅಂದ. ನಗು ಬಂತು. ಆಮೇಲೆ ಆ ನಗುವೂ ಯಾಕೋ ಬೇಗ ನಿಂತಿತು.

ಡಾಕ್ಟರ್ ಸುಮ್ನೆ ಕೇಳಿದ್ದಲ್ಲ. ಅರಿವಳಿಕೆಗೆ ಬಳಸುವುದು ಕ್ಸೈಲಜಿನ್. ದನಕ್ಕೆ ಅದು ಬಹಳ ಬೇಗ ಹತ್ತುತ್ತದೆ, ಕುದುರೆಗೆ ಕೊಡುವುದರ ಹತ್ತನೇ ಒಂದು ಭಾಗ ಸಾಕು. ತುಂಬು ಗಬ್ಬದ ಹಸುವಾದರೆ ಕಂದು ಹಾಕುವ ಭಯವೂ ಇದೆ. ತೂಕ, ಗಬ್ಬ ಇದನ್ನೆಲ್ಲ ಹೇಳಬೇಕಾದವನು ದನದ ಯಜಮಾನ. ಅವನಿಲ್ಲ ಅಂದಮೇಲೆ ಡಾಕ್ಟರೇ ದೂರದಿಂದ ಹೊಟ್ಟೆ, ಕೆಚ್ಚಲು ನೋಡಿ ಅಂದಾಜು ಮಾಡಿದರು.

ಅರಿವಳಿಕೆ ಯಾಕೆ, ಗಾಯದ ಮದ್ದನ್ನೇ ಡಾರ್ಟಿನಲ್ಲಿ ತುಂಬಿಸಿ ಹೊಡೆಯಬಹುದಲ್ವಾ ಅಂತ ನಾನು ಕೇಳಿದೆ. ಅಮೆರಿಕದ ದೊಡ್ಡ ದೊಡ್ಡ ಹುಲ್ಲುಗಾವಲುಗಳಲ್ಲಿ ಹಾಗೆ ಮಾಡುವವರಿದ್ದಾರಂತೆ. ಆದರೆ 300 ಕಿಲೋ ದನಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ 30 ಎಂಎಲ್ ಬೇಕು. ಒಂದು ಜಾಗಕ್ಕೆ 10 ಎಂಎಲ್‌ಗಿಂತ ಜಾಸ್ತಿ ಕೊಡುವ ಹಾಗಿಲ್ಲ. ಅಂದರೆ ಮೂರು ಏಟು. ಮೊದಲನೆಯದಕ್ಕೇ ಅದು ಕೇರಳಕ್ಕೆ ಓಡಿರುತ್ತೆ ಅಂದರು ಡಾಕ್ಟರ್. ಅಲ್ಲದೆ ಹುಳವನ್ನು ಕೈಯಿಂದಲೇ ತೆಗೆಯಬೇಕು.

ಗನ್ನಿಗಿಂತ ಮೊದಲು ಅವರು ನೋಡಿದ್ದು ಕೆರೆಯನ್ನು. ಮಂಪರು ಹತ್ತಿದ ದನ ನೀರಿಗೆ ಬಿದ್ದರೆ ಅಲ್ಲೇ ಮುಗಿಯಿತು. ಆ ಕಡೆ ಜನ ನಿಲ್ಲಿಸಿದರು. ಆಮೇಲೆ ದೂರ ನೋಡಿ ಗ್ಯಾಸಿನ ಒತ್ತಡ ಹೊಂದಿಸಿದರು. ಒತ್ತಡ ಜಾಸ್ತಿಯಾದರೆ ಡಾರ್ಟ್ ಮಾಂಸದೊಳಗೆ ನುಗ್ಗಿ ಗಾಯ ಮಾಡುತ್ತದೆ, ಕಡಿಮೆಯಾದರೆ ಚರ್ಮಕ್ಕೆ ತಾಗಿ ಕೆಳಗೆ ಬೀಳುತ್ತದೆ. ಟಪ್ ಅಂತ ಸಣ್ಣ ಸದ್ದು, ಅಷ್ಟೇ. ಬಲ ತೊಡೆಯಲ್ಲಿ ಡಾರ್ಟಿನ ಕೆಂಪು ಕುಚ್ಚು ಕಂಡಿತು. "ಇಷ್ಟೇನಾ?" ಅಂದರು ಮಾವ. ಕೋವಿಯ ಸದ್ದು ಕೇಳಿ ಬೆಳೆದವರಿಗೆ ಇದೆಲ್ಲ ಎಲ್ಲಿ ಸಾಲುತ್ತದೆ!

ಆದರೆ ಹಸು ಮಲಗಿದ ಮೇಲೆ ನಿಜವಾಗಿ ಕೆಲಸಕ್ಕೆ ಬಂದವರು ಅದೇ ಮಾವ. ಮಗ್ಗುಲಾಗಿ ಮಲಗಿದರೆ ಹೊಟ್ಟೆ ಉಬ್ಬರಿಸುತ್ತದೆ, ಹೊಟ್ಟೆಯ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೆ ಎದೆಯ ಮೇಲೆ ಕೂರಿಸಿ, ಕತ್ತು ಎತ್ತಿ, ಬಾಯಿ ಮಾತ್ರ ಕೆಳಗೆ ಬಾಗಿರುವ ಹಾಗೆ ಹಿಡಿಯಬೇಕು. ಮಾವ ಕೆಸರಲ್ಲಿ ಕೂತು ತಮ್ಮ ಮೊಣಕಾಲನ್ನೇ ಆಸರೆ ಕೊಟ್ಟು ಆ ತಲೆ ಹಿಡಿದರು, ಡಾಕ್ಟರ್ ಟರ್ಪಂಟೈನ್ ಹಾಕಿ ಹುಳ ತೆಗೆದು ಮುಗಿಸುವವರೆಗೂ. ಜಂಬದ ಮನುಷ್ಯ ಅಂತ ನಾನು ಅವರನ್ನು ಸ್ವಲ್ಪ ದೂರವೇ ಇಟ್ಟಿದ್ದೆ. ಇನ್ನು ಅಷ್ಟು ದೂರ ಇಡಲ್ಲ.

ಆಗ ಕಂಡಿದ್ದು ಕಿವಿಯ ಓಲೆ. ಸರ್ಕಾರದ ಹಳದಿ ಓಲೆ, ಮೇಲೆ ಒಣಗಿದ ಕೆಸರು. ಡಾಕ್ಟರ್ ಹೆಬ್ಬೆರಳಿನಲ್ಲಿ ಉಜ್ಜಿ 12 ಅಂಕಿ ಓದಿದರು. ಆ ನಂಬರ್ ಹಾಕಿದರೆ ಯಜಮಾನನ ಹೆಸರು ಫೋನಿನಲ್ಲೇ ಬರುತ್ತದೆ. ನೆಟ್‌ವರ್ಕ್ ಇರಲಿಲ್ಲ ಬಿಡಿ, ನಮ್ಮ ತೋಟದಲ್ಲಿ ಯಾವಾಗ ಇತ್ತು? ಆದರೆ ಅಷ್ಟು ಹೊತ್ತು ವಿಡಿಯೋ ಮಾಡುತ್ತಾ ನಿಂತಿದ್ದ ಒಬ್ಬರಿಗೆ ಗೋಣಿಕೊಪ್ಪದಲ್ಲಿ ಅರ್ಜೆಂಟ್ ಕೆಲಸ ಇರುವುದು ಅದೇ ಕ್ಷಣದಲ್ಲಿ ನೆನಪಾಯಿತು.

ಅವರ ಬೆನ್ನು ನೋಡುತ್ತಾ ನನಗೆ ಮತ್ತೆ ಕೇಳಿಸಿದ್ದು ಅದೇ ಮಾತು. ಯಾರ ದನ ಇದು? ಆ ಪ್ರಶ್ನೆ ಬಂದಾಗ ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ಕೆಟ್ಟವರೇನಲ್ಲ. ಅವರ ಅಮ್ಮ ಇದ್ದಾಗ ಕೊಟ್ಟಿಗೆ ತುಂಬಾ ದನ ಇತ್ತು, ಒಂದೊಂದಕ್ಕೂ ಹೆಸರಿತ್ತು. ಅಮ್ಮ ಹೋದರು, ಮಕ್ಕಳು ಬೆಂಗಳೂರು ಸೇರಿದರು, ಸಗಣಿ ಬಾಚಲು ಆಳು ಸಿಗಲಿಲ್ಲ. ಹಾಲು ಬತ್ತಿದ ಹಸುವನ್ನು ಮಾರಲೂ ಆಗಲ್ಲ, ಕೊಳ್ಳುವವರೇ ಇಲ್ಲ. ಹಗ್ಗ ಬಿಚ್ಚಿ ತೋಟಕ್ಕೆ ಬಿಟ್ಟರು. ನಮ್ಮಲ್ಲಿ ಹಾಗೆ ಬಿಟ್ಟವರು ಅವರೊಬ್ಬರೇನಾ? ಮೈ ಮುಟ್ಟುವವರು ಇಲ್ಲವಾದ ಮೇಲೆ ದನ ಕಾಡಿನದ್ದೇ ಆಗುತ್ತದೆ, ಆಮೇಲೆ ಅದಕ್ಕೆ ಕಾಡುಪ್ರಾಣಿಯ ಗನ್ನೇ ಬೇಕಾಗುತ್ತದೆ. ಆದರೂ ವಿಡಿಯೋ ಮಾಡಿದ್ದು ಮಾತ್ರ ನನಗೆ ಇನ್ನೂ ಜೀರ್ಣವಾಗಿಲ್ಲ.

ಕುತ್ತಿಗೆಗೆ ಆಂಟಿಬಯೋಟಿಕ್, ನೋವಿಗೆ ಒಂದು ಸೂಜಿ, ಕೊನೆಗೆ ಅರಿವಳಿಕೆ ಇಳಿಸುವ ಮದ್ದು. ಹಸು ತಡವರಿಸಿಕೊಂಡು ಎದ್ದಿತು. ಈ ಸಲ ಓಡಲು ಬಿಡಲಿಲ್ಲ, ಹಗ್ಗ ಹಾಕಿ ನಮ್ಮ ಹಳೇ ಶೆಡ್ಡಿಗೆ ತಂದೆವು. ಶನಿವಾರ ಮತ್ತೆ ಗಾಯ ತೊಳೆಯಬೇಕು. ಎರಡನೇ ಸಲ ಡಾರ್ಟ್ ಬೇಡ, ಹಿಡಿಯಲು ಜನ ನೋಡಿ ಅಂದಿದ್ದಾರೆ ಡಾಕ್ಟರ್. ಮಾವ ಬರುತ್ತಾರೆ. ತೋಟದ ಆಳುಗಳ ಲೈನ್ ಮನೆಯ ಅಸ್ಸಾಮಿನ ಹುಡುಗ ತಾನಾಗಿಯೇ ಬಂದು ಒಪ್ಪಿದ, ಊರಲ್ಲಿ ಅವನ ಮನೆಯಲ್ಲೂ ಹಸು ಇದೆಯಂತೆ. ವಿಡಿಯೋ ಮಾಡಿದವರಿಗೂ ಫೋನ್ ಮಾಡಿ ಶನಿವಾರ ಬೆಳಿಗ್ಗೆ ಬನ್ನಿ ಅಂದೆ. ಹಸುವಿನ ಹೆಸರೇನು ಅಂತಲೂ ಕೇಳಿದೆ. ನೋಡೋಣ ಅಂದು ಫೋನ್ ಇಟ್ಟರು.